ಮಗುವಿನ ಭಯಕ್ಕೆ ಚಿಕಿತ್ಸೆ, ಅಪ್ಪ ಅಮ್ಮನಿಗೆ ಕೆಲಸ

ದೊಡ್ಡವರಿಗೆ ಯಾವುದಾದರೂ ಭಯವಿದ್ದರೆ ಅವರೇ ಏನಾದರೂ ಉಪಾಯ ಮಾಡಿಕೊಳ್ಳುತ್ತಾರೆ. ಲಿಫ್ಟ್ ಅಂದರೆ ಆಗದವರು ಮೆಟ್ಟಿಲು ಹತ್ತುತ್ತಾರೆ. ನಾಲ್ಕು ಜನರ ಮುಂದೆ ಮಾತಾಡಲು ಹೆದರುವವರು ಮೀಟಿಂಗಿನಲ್ಲಿ ಹಿಂದಿನ ಸಾಲು ಹಿಡಿಯುತ್ತಾರೆ. ಯಾರನ್ನೂ ಕೇಳಬೇಕಿಲ್ಲ. ಮಗುವಿಗೆ ಆ ಅನುಕೂಲ ಇಲ್ಲ. ಅದು ಶಾಲೆಗೆ ಹೋಗದೆ ಮನೆಯಲ್ಲಿ ಉಳಿಯಬೇಕಾದರೆ ಅಮ್ಮ ‘ಆಯ್ತು, ಇವತ್ತೊಂದು ದಿನ ಇರು’ ಅನ್ನಬೇಕು. ಕತ್ತಲಲ್ಲಿ ಒಂಟಿಯಾಗಿ ಮಲಗುವುದು ತಪ್ಪಬೇಕಾದರೆ ಅಪ್ಪ ಬಂದು ಪಕ್ಕದಲ್ಲಿ ಮಲಗಬೇಕು. ಗೊತ್ತಿಲ್ಲದವರ ಜೊತೆ ಮಾತು ತಪ್ಪಬೇಕಾದರೆ, ಅವರು ಕೇಳಿದ್ದಕ್ಕೆಲ್ಲ ಮಗುವಿನ ಬದಲು ಮನೆಯವರು ಯಾರೋ ಉತ್ತರ ಕೊಡಬೇಕು. ಮಗು ಭಯದಿಂದ ತಪ್ಪಿಸಿಕೊಳ್ಳುವ ದಾರಿಯೆಲ್ಲ ದೊಡ್ಡವರ ಕೈಯಲ್ಲಿದೆ.

ಮಕ್ಕಳ ಕೌನ್ಸೆಲಿಂಗ್ ಕೆಲಸದಲ್ಲಿ ನಾನು ಬಹಳ ವರ್ಷಗಳಿಂದ ಇದ್ದೇನೆ. ಆತಂಕದಿಂದ ಒದ್ದಾಡುವ ಮಗುವಿನ ಚಿಕಿತ್ಸೆಗೆ ಅಪ್ಪ ಅಮ್ಮ ಬೇಕೇ ಬೇಕು ಅಂತ ನಾನು ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ. ಮಗುವನ್ನು ಒಳಗೆ ಕಳಿಸಿ, ಮುಕ್ಕಾಲು ಗಂಟೆ ಹೊರಗೆ ಕಾದು, ‘ಏನು ಹೇಳಿದ್ರು ಮೇಡಂ?’ ಅಂತ ಕೇಳುತ್ತಾ ಮನೆಗೆ ಕರೆದುಕೊಂಡು ಹೋದರೆ ಎಷ್ಟೋ ಸಲ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮಗು ನನ್ನ ಕೋಣೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ಬಳಸಬೇಕು. ಮನೆಯಲ್ಲಿ ಹಳೆಯ ಏರ್ಪಾಡೇ ನಡೆಯುತ್ತಿದ್ದರೆ ಅದು ಬಳಸುವುದಾದರೂ ಯಾವಾಗ?

ಆತಂಕ ಬೆಳೆಯುವ ರೀತಿ ಸರಳವಾಗಿದೆ. ಹೆದರಿಕೆಯ ಜಾಗದಿಂದ ದೂರ ಸರಿದ ಕೂಡಲೇ ಎದೆ ಹಗುರಾಗುತ್ತದೆ. ಅಬ್ಬಾ, ಬಚಾವಾದೆ ಅನ್ನಿಸುತ್ತದೆ. ಯಾಕೆ ಬಚಾವಾದೆ? ದೂರ ಸರಿದಿದ್ದಕ್ಕೆ. ಮನಸ್ಸು ಕಲಿಯುವುದು ಇಷ್ಟನ್ನೇ. ಅಲ್ಲೇ ನಿಂತಿದ್ದರೂ ಏನೂ ಆಗುತ್ತಿರಲಿಲ್ಲ, ಆಗಿದ್ದರೂ ತಡೆದುಕೊಳ್ಳಬಹುದಿತ್ತು ಅಂತ ತಿಳಿದುಕೊಳ್ಳಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತದೆ, ಇನ್ನೂ ಜೋರಾಗಿ ಬರುತ್ತದೆ.

ಇದನ್ನು ಬಿಡಿಸುವ ದಾರಿ, ಹೆದರಿಕೆಯ ಹತ್ತಿರಕ್ಕೆ ಸ್ವಲ್ಪ ಸ್ವಲ್ಪವೇ ಹೋಗುವುದು. ಇದೇನೂ ಹೊಸ ವಿಷಯ ಅಲ್ಲ. 1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಒಬ್ಬ ಪುಟ್ಟ ಹುಡುಗನ ಬಗ್ಗೆ ಬರೆದರು. ಬರಹದಲ್ಲಿ ಅವನ ಹೆಸರು ಪೀಟರ್. ಮೊಲ ಕಂಡರೆ ಅವನಿಗೆ ವಿಪರೀತ ಭಯ. ಅವನು ಇಷ್ಟದ ತಿಂಡಿ ತಿನ್ನುತ್ತಾ ಕೂತಿರುವಾಗ ಮೊಲವನ್ನು ದೂರದಲ್ಲಿ ಇಡುತ್ತಿದ್ದರು. ಆಮೇಲೆ ಸ್ವಲ್ಪ ಹತ್ತಿರ, ಇನ್ನೂ ಸ್ವಲ್ಪ ಹತ್ತಿರ. ಕೊನೆಗೆ ಅವನು ಆ ಮೊಲವನ್ನು ಮುಟ್ಟಿ ಸವರಿದ. ಮುಂದೆ ಯೋಚನೆ ಮತ್ತು ನಡೆ ಎರಡನ್ನೂ ಬದಲಿಸಲು ಕಲಿಸುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಸಿಬಿಟಿ, ಬೆಳೆದಾಗ ಈ ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಕ್ರಮ ಅದರ ಮುಖ್ಯ ಭಾಗವಾಯಿತು. ಟೆಂಪಲ್ ವಿಶ್ವವಿದ್ಯಾಲಯದ ಫಿಲಿಪ್ ಕೆಂಡಲ್ 1994ರಲ್ಲಿ 9ರಿಂದ 13 ವರ್ಷದ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದರು. ಚಿಕಿತ್ಸೆ ಪಡೆದವರಲ್ಲಿ ಶೇ. 64ರಷ್ಟು ಮಕ್ಕಳಿಗೆ ಮೊದಲಿದ್ದ ಮುಖ್ಯ ಆತಂಕದ ಸಮಸ್ಯೆ ಉಳಿದಿರಲಿಲ್ಲ. ಅಲ್ಲಿ ಹೆಚ್ಚಿನ ಕೆಲಸ ನಡೆದದ್ದು ಮಗುವಿನ ಜೊತೆಗೇ. ಅಂದರೆ ಮಗುವಿನ ಜೊತೆ ಮಾತ್ರ ಕೂತು ಮಾಡಿದರೂ ಸಿಬಿಟಿ ಕೆಲಸ ಮಾಡುತ್ತದೆ. ಇದನ್ನು ಮುಚ್ಚಿಟ್ಟು ನಾನು ವಾದ ಮಾಡಬಾರದು. ಹಾಗಿದ್ದರೂ ಮೂರರಲ್ಲಿ ಒಂದು ಪಾಲು ಮಕ್ಕಳು ಉಳಿದೇ ಬಿಡುತ್ತಾರಲ್ಲ, ನನ್ನ ಚಿಂತೆ ಅವರದ್ದು.

ಆತಂಕ ಇರುವ ಮಗುವಿನ ಮನೆಯಲ್ಲಿ ದಿನ ಹೇಗೆ ಸಾಗುತ್ತದೆ ಅಂತ ಗಮನಿಸಿದ್ದೀರಾ? ‘ಅಮ್ಮಾ, ನಿನಗೆ ಏನೂ ಆಗಲ್ಲ ಅಲ್ವಾ?’ ಅಂತ ಮಗು ಕೇಳುತ್ತದೆ. ‘ಏನೂ ಆಗಲ್ಲ ಪುಟ್ಟಾ’ ಅಂತ ಅಮ್ಮ ಹೇಳುತ್ತಾಳೆ. ಎರಡು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ‘ಪ್ರಾಮಿಸ್?’ ‘ಪ್ರಾಮಿಸ್.’ ಆಫೀಸಿನಿಂದ ಹೊರಟ ಕೂಡಲೇ ಫೋನ್ ಮಾಡಬೇಕು, ದಾರಿಯಲ್ಲಿ ಒಂದು ಸಲ ಮಾಡಬೇಕು. ನಾಯಿ ಇರುವ ಬೀದಿ ಬಿಟ್ಟು ಸುತ್ತಿ ಬರಬೇಕು. ಶಾಲೆಯ ಕಾರ್ಯಕ್ರಮಕ್ಕೆ ಹೆಸರು ಕೊಡಬೇಡಿ ಅಂತ ಟೀಚರಿಗೆ ಮೊದಲೇ ಹೇಳಿ ಇಡಬೇಕು. ನೆಂಟರು ಬಂದರೆ ‘ಅವನಿಗೆ ಸ್ವಲ್ಪ ನಾಚಿಕೆ’ ಅಂತ ಮಾತು ತೇಲಿಸಬೇಕು. ಒಂದೊಂದೂ ಚಿಕ್ಕ ವಿಷಯ. ಪ್ರೀತಿಯಿಂದ ಮಾಡಿದ್ದು. ಎಲ್ಲ ಸೇರಿದಾಗ ಮಾತ್ರ, ಭಯ ಕೇಳಿದ್ದಕ್ಕೆಲ್ಲ ಮನೆಯವರು ಹೂಂ ಅಂದಂತಾಗುತ್ತದೆ. ಸಂಶೋಧಕರು ಇದನ್ನು ಫ್ಯಾಮಿಲಿ ಅಕಾಮಡೇಶನ್ ಅನ್ನುತ್ತಾರೆ. ಆತಂಕದ ಸಮಸ್ಯೆ ಇರುವ ಮಕ್ಕಳ ತಂದೆ ತಾಯಂದಿರಲ್ಲಿ ಹೆಚ್ಚುಕಡಿಮೆ ಎಲ್ಲರೂ ಇದನ್ನು ಒಂದಲ್ಲ ಒಂದು ರೀತಿ ಮಾಡುತ್ತಾರೆ. ಇದು ಜಾಸ್ತಿ ಇದ್ದಲ್ಲಿ ಮಗುವಿನ ಆತಂಕವೂ ಜಾಸ್ತಿ ಇರುತ್ತದೆ ಅನ್ನುವುದು ಮತ್ತೆ ಮತ್ತೆ ಕಂಡುಬಂದಿದೆ.

ಇಲ್ಲಿಗೆ ಬರುವಷ್ಟರಲ್ಲಿ ಓದುತ್ತಿರುವ ಅಮ್ಮಂದಿರ ಮುಖ ಸಣ್ಣಗಾಗಿರುತ್ತದೆ ಅಂತ ನನಗೆ ಗೊತ್ತು. ‘ಹಾಗಾದರೆ ತಪ್ಪು ನಮ್ಮದೇ?’ ಚಿಕಿತ್ಸೆಗೆ ನೀವೂ ಬನ್ನಿ ಅಂದಾಗ ಎಷ್ಟೋ ಜನರ ಕಿವಿಗೆ ಬೀಳುವುದು ಇದೇ ಮಾತು. ಮನೆಯ ಹಿರಿಯರು, ಪಕ್ಕದ ಮನೆಯವರು, ಕೆಲವು ಸಲ ಡಾಕ್ಟರುಗಳು ಕೂಡ ‘ನೀವು ಮುದ್ದು ಮಾಡಿದ್ದು ಜಾಸ್ತಿ ಆಯ್ತು’ ಅಂತ ಅಂದೇ ಇರುತ್ತಾರೆ. ಅದರ ಮೇಲೆ ನಾನೂ ಕರೆದರೆ ಆರೋಪಪಟ್ಟಿ ಓದಲು ಕರೆದ ಹಾಗೆ ಅನ್ನಿಸುವುದು ಸಹಜ.

ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಮಗುವಿಗೆ ಆತಂಕ ಬರುವುದಕ್ಕೆ ಹಲವು ಕಾರಣಗಳು. ಒಂದಷ್ಟು ವಂಶವಾಹಿಯಿಂದ ಬರುತ್ತದೆ. ಕೆಲವು ಮಕ್ಕಳು ಹುಟ್ಟಿನಿಂದಲೇ ಹೊಸ ಮುಖ, ಹೊಸ ಜಾಗ, ಹೊಸ ಸದ್ದಿಗೆ ಬೆಚ್ಚುತ್ತಾರೆ. ಅಂಥ ಮಗು ಮನೆಯಲ್ಲಿದ್ದರೆ ಯಾರೇ ಆದರೂ ಅದನ್ನು ಸ್ವಲ್ಪ ಜಾಸ್ತಿ ಕಾಯುತ್ತಾರೆ. ಒಂದೇ ಮನೆಯಲ್ಲಿ ಅಣ್ಣನಿಗೆ ‘ಹೋಗೋ, ಆಡ್ಕೋ ಹೋಗು’ ಅನ್ನುವ ಅಮ್ಮ ತಂಗಿಯ ಕೈ ಬಿಡುವುದಿಲ್ಲ. ತಂಗಿ ಹೆದರುತ್ತಾಳೆ ಅಂತಲೇ ಅವಳು ಕೈ ಬಿಡದೆ ಇರುವುದು. ಮಗು ಅಮ್ಮನನ್ನು ತಿದ್ದುತ್ತದೆ, ಅಮ್ಮ ಮಗುವನ್ನು. ಎಲ್ಲಿ ಶುರುವಾಯಿತು ಅಂತ ಹುಡುಕುವುದರಲ್ಲಿ ಯಾರಿಗೂ ಲಾಭವಿಲ್ಲ. ಎಲ್ಲಿಂದ ಬಿಡಿಸಲು ಸುಲಭ ಅಂತ ನೋಡಿದರೆ ಉತ್ತರ ಇದೆ. ಏಳು ವರ್ಷದ ಮಗುವಿಗಿಂತ ಮೂವತ್ತೈದು ವರ್ಷದವರು ತಮ್ಮ ನಡೆಯನ್ನು ಬೇಗ ಬದಲಿಸಿಕೊಳ್ಳಬಲ್ಲರು.

ಮಕ್ಕಳು ನಮ್ಮ ಮುಖವನ್ನು ಎಷ್ಟು ಓದುತ್ತಾರೆ ಅನ್ನುವುದಕ್ಕೆ 1985ರ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಜೇಮ್ಸ್ ಸೋರ್ಸ್ ಮತ್ತು ಜೊತೆಗಾರರು ಮಾಡಿದ್ದು. ಒಂದು ವರ್ಷದ ಕೂಸುಗಳು. ಮೇಲೆ ಗಟ್ಟಿ ಗಾಜು, ಅದರ ಕೆಳಗೆ ನೆಲ ಇದ್ದಕ್ಕಿದ್ದಂತೆ ಒಂದಿಷ್ಟು ಇಳಿದ ಹಾಗೆ ಕಾಣುವ ಮೇಜು. ದಾಟಬೇಕೋ ಬೇಡವೋ ಅಂತ ಅನುಮಾನ ಬರುವಷ್ಟು ಆಳ. ಆಚೆ ಕಡೆ ಅಮ್ಮ. ಕೂಸು ಅಂಚಿಗೆ ಬಂದು ನಿಲ್ಲುತ್ತದೆ, ತಲೆ ಎತ್ತಿ ಅಮ್ಮನ ಮುಖ ನೋಡುತ್ತದೆ. ಅಮ್ಮ ನಗುಮುಖ ತೋರಿಸಿದಾಗ 19 ಕೂಸುಗಳಲ್ಲಿ 14 ದಾಟಿ ಬಂದವು. ಹೆದರಿದ ಮುಖ ತೋರಿಸಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಈ ಪ್ರಯೋಗದ ಬಗ್ಗೆ ಹೇಳಿದಾಗ ಅಪ್ಪ ಅಮ್ಮಂದಿರು ಎರಡನೇ ಸಂಖ್ಯೆ ಕೇಳಿ ಕುಗ್ಗುತ್ತಾರೆ. ನಾನು ಮೊದಲನೆಯದನ್ನು ಮತ್ತೆ ಹೇಳುತ್ತೇನೆ. ಹತ್ತೊಂಬತ್ತರಲ್ಲಿ ಹದಿನಾಲ್ಕು! ಬರೀ ಒಂದು ಮುಖ ನೋಡಿ! ಯಾವ ಕೌನ್ಸೆಲರ್‌ಗೂ ಮಗುವಿನ ಮೇಲೆ ಇಷ್ಟು ಹಿಡಿತ ಇಲ್ಲ. ಅದಿರುವುದು ನಿಮಗೆ.

ಇನ್ನು ಸಂಶೋಧನೆಯ ಮಾತು. ಇಲ್ಲಿ ಎಲ್ಲವೂ ನನ್ನ ವಾದಕ್ಕೆ ಸರಿಯಾಗಿ ಕೂತಿಲ್ಲ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1996ರಲ್ಲಿ ಆಸ್ಟ್ರೇಲಿಯಾದಲ್ಲಿ ಪೌಲಾ ಬ್ಯಾರೆಟ್, ಮಾರ್ಕ್ ಡ್ಯಾಡ್ಸ್, ರಾನ್ ರೇಪಿ ಅವರು ಕೆಲವು ಮಕ್ಕಳಿಗೆ ಬರೀ ಸಿಬಿಟಿ ಕೊಟ್ಟರು, ಇನ್ನು ಕೆಲವರಿಗೆ ಅದರ ಜೊತೆ ಅಪ್ಪ ಅಮ್ಮನಿಗೂ ತರಬೇತಿ ಕೊಟ್ಟರು. ಚಿಕಿತ್ಸೆ ಮುಗಿದಾಗ ಮೊದಲ ಗುಂಪಿನಲ್ಲಿ ಶೇ. 57, ಎರಡನೆಯದರಲ್ಲಿ ಶೇ. 84 ಮಕ್ಕಳು ಚೇತರಿಸಿಕೊಂಡಿದ್ದರು. ಇಷ್ಟೇ ಹೇಳಿ ನಿಲ್ಲಿಸಿದರೆ ನನಗೆ ಖುಷಿ. ಆದರೆ ಅದೇ ಮಕ್ಕಳಲ್ಲಿ ಹಲವರನ್ನು ಸುಮಾರು ಆರು ವರ್ಷ ಕಳೆದ ಮೇಲೆ ಮತ್ತೆ ನೋಡಿದಾಗ ಎರಡೂ ಗುಂಪಿನ ಮಕ್ಕಳು ಒಂದೇ ರೀತಿ ಚೆನ್ನಾಗಿದ್ದರು. ಬೇರೆ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದವರಿಗೂ ‘ಅಪ್ಪ ಅಮ್ಮ ಬಂದರೆ ಸಾಕು, ಫಲಿತಾಂಶ ಹೆಚ್ಚುತ್ತದೆ’ ಅನ್ನುವಂಥದ್ದು ಕಾಣಿಸಲಿಲ್ಲ.

ಇದರಿಂದ ಅಪ್ಪ ಅಮ್ಮ ಬೇಡ ಅಂತ ತೀರ್ಮಾನಿಸುವವರಿದ್ದಾರೆ. ನನಗೆ ಅದು ಒಪ್ಪಿಗೆ ಆಗುವುದಿಲ್ಲ. ಅಪ್ಪ ಅಮ್ಮನನ್ನು ಸುಮ್ನೆ ಕುರ್ಚಿ ಹಾಕಿ ಕೂರಿಸಿದರೆ, ಸಿಬಿಟಿ ಅಂದರೇನು ಅಂತ ಪಾಠ ಹೇಳಿ ಕಳಿಸಿದರೆ, ಏನು ಬದಲಾಗಬೇಕು? ಅವರಿಗೆ ಒಂದು ಕೆಲಸ ಕೊಡಬೇಕು. ದಿನಾ ಮನೆಯಲ್ಲಿ ಮಾಡುವಂಥ, ಮಾಡಿದ್ದೂ ಬಿಟ್ಟಿದ್ದೂ ಗೊತ್ತಾಗುವಂಥ ಕೆಲಸ. ಯೇಲ್ ವಿಶ್ವವಿದ್ಯಾಲಯದ ಎಲೈ ಲೆಬೊವಿಟ್ಜ್ ಇದನ್ನೇ ಕೊನೆಯವರೆಗೂ ತೆಗೆದುಕೊಂಡು ಹೋದರು. ಅವರು ರೂಪಿಸಿದ ‘ಸ್ಪೇಸ್’ ಎಂಬ ಚಿಕಿತ್ಸೆಯಲ್ಲಿ ಥೆರಪಿಸ್ಟ್ ಹತ್ತಿರ ಮಗು ಬರುವುದೇ ಇಲ್ಲ. ಬರುವವರು ಅಪ್ಪ ಅಮ್ಮ ಮಾತ್ರ. 7ರಿಂದ 14 ವರ್ಷದ 124 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಮಗುವಿಗೆ ಸಿಬಿಟಿ, ಇನ್ನೊಂದರಲ್ಲಿ ಅಪ್ಪ ಅಮ್ಮನಿಗೆ ಸ್ಪೇಸ್ ಕೊಟ್ಟರು. ಎರಡೂ ಕಡೆ 12 ಸೆಷನ್. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸ್ಪೇಸ್ ಸಿಬಿಟಿಗಿಂತ ಹಿಂದೆ ಬೀಳಲಿಲ್ಲ. ಥೆರಪಿಸ್ಟ್ ಮುಖವನ್ನೇ ನೋಡದ ಮಕ್ಕಳು ಥೆರಪಿ ಪಡೆದ ಮಕ್ಕಳಷ್ಟೇ ಸುಧಾರಿಸಿದರು. ಇಂಗ್ಲೆಂಡಿನಲ್ಲಿ ಕ್ಯಾಥಿ ಕ್ರೆಸ್‌ವೆಲ್ ಮತ್ತು ತಂಡದವರು ಇನ್ನೊಂದು ದಾರಿ ಹಿಡಿದರು. ಅಲ್ಲಿ ಥೆರಪಿಸ್ಟ್ ಅಪ್ಪ ಅಮ್ಮನಿಗೆ ಹೇಳಿಕೊಡುತ್ತಾರೆ, ಮನೆಯಲ್ಲಿ ಮಗುವಿಗೆ ಸಿಬಿಟಿ ಮಾಡಿಸುವವರು ಅಪ್ಪ ಅಮ್ಮನೇ. ಅದೂ ಫಲ ಕೊಟ್ಟಿದೆ.

ಕೆಲಸ ಅಂದರೆ ಎಂಥದ್ದು ಅಂತ ತೋರಿಸಲು ಒಂದು ಮನೆಯ ಕತೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಎಂಟು ವರ್ಷದ ಹುಡುಗಿ. ರಾತ್ರಿ ಒಬ್ಬಳೇ ಮಲಗುವುದಿಲ್ಲ. ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು, ಅವಳ ಭಯಕ್ಕಾಗಿ ನೀವು ಏನೇನು ಮಾಡುತ್ತೀರಿ, ಏನೇನು ಬಿಟ್ಟಿದ್ದೀರಿ ಅಂತ ಬರೆಯಲು ಹೇಳಿದೆ. ‘ನಾನು ಪಕ್ಕದಲ್ಲಿ ಮಲಗ್ತೀನಿ, ಅಷ್ಟೇ’ ಅಂದರು ಅಮ್ಮ. ಬರೆಯುತ್ತಾ ಹೋದ ಹಾಗೆ ಒಂದೊಂದೇ ನೆನಪಾಗತೊಡಗಿತು. ಮಂಚದ ಕೆಳಗೆ ಟಾರ್ಚ್ ಹಾಕಿ ನೋಡುವುದು. ಬೀರುವಿನ ಬಾಗಿಲು ಎರಡು ಸಲ ಎಳೆದು ತೋರಿಸುವುದು. ಎಲ್ಲರಿಗಿಂತ ಕೊನೆಗೆ ಗುಡ್‌ನೈಟ್ ಹೇಳುವುದು ಅಮ್ಮನೇ ಆಗಿರಬೇಕು, ನಡುವೆ ಅಪ್ಪ ಮಾತಾಡಿದರೆ ಮತ್ತೆ ಮೊದಲಿನಿಂದ. ಅವಳು ನಿದ್ದೆ ಹೋಗುವವರೆಗೆ ಅಮ್ಮನ ಕೈ ಅವಳ ಕೈಯಲ್ಲಿರಬೇಕು. ನಡುರಾತ್ರಿ ಎದ್ದು ಬಂದರೆ ಅಪ್ಪ ಸೋಫಾಕ್ಕೆ ಹೋಗಬೇಕು. ಸಂಜೆ ಆರರ ಮೇಲೆ ಇಬ್ಬರೂ ಒಟ್ಟಿಗೆ ಎಲ್ಲಿಗೂ ಹೋಗುವ ಹಾಗಿಲ್ಲ. ತಮ್ಮ ಭೂತದ ಕತೆ ಓದುವ ಹಾಗಿಲ್ಲ. ಹಾಳೆ ತಿರುಗಿಸಿ ಬರೆಯಬೇಕಾಯಿತು. ಬರೆದು ಮುಗಿಸಿ ಅಮ್ಮ ಒಂದು ಸಲ ಪೂರ್ತಿ ಓದಿಕೊಂಡರು. ‘ನಮ್ಮ ಮನೆ ನಡೀತಾ ಇರೋದೇ ಇದರ ಪ್ರಕಾರ ಮೇಡಂ’ ಅಂದರು.

ಅಷ್ಟರಲ್ಲಿ ಅಪ್ಪ, ‘ನಾನು ಮೊದಲಿಂದ ಹೇಳ್ತಾನೇ ಇದ್ದೀನಿ, ಇದೆಲ್ಲ ನಾಟಕ ಅಂತ. ಬಾಗಿಲು ಹಾಕಿ ಬಿಟ್ಟುಬಿಡೋಣ, ಎರಡು ದಿನ ಅತ್ತು ಸರಿ ಹೋಗ್ತಾಳೆ’ ಅಂದರು. ಅಮ್ಮ ತಿರುಗಿ, ‘ರಾತ್ರಿ ಅವಳು ಹೇಗೆ ನಡುಗ್ತಾಳೆ ಅಂತ ನಿಮಗೆ ಗೊತ್ತಾ?’ ಅಂದರು. ಇದು ನಾನು ಸುಮಾರು ಎಲ್ಲ ಮನೆಗಳಲ್ಲೂ ಕೇಳುವ ಜಗಳ. ಒಬ್ಬರು ಪಾಪ ಅನ್ನುತ್ತಾರೆ, ಒಬ್ಬರು ನಾಟಕ ಅನ್ನುತ್ತಾರೆ. ಒಬ್ಬರು ಬಿಗಿಯಾದಷ್ಟೂ ಇನ್ನೊಬ್ಬರು ಸಡಿಲ ಬಿಡುತ್ತಾರೆ. ನಡುವೆ ಮಗುವಿಗೆ ಎರಡು ಅರ್ಧ ಮಾತು ಸಿಗುತ್ತದೆ. ಅಮ್ಮನಿಂದ ‘ನಿನಗೆ ಕಷ್ಟ ಅಂತ ಗೊತ್ತು’, ಅಪ್ಪನಿಂದ ‘ನಿನ್ನ ಕೈಲಿ ಆಗುತ್ತೆ’. ಎರಡೂ ನಿಜ. ಎರಡನ್ನೂ ಒಬ್ಬರೇ, ಒಂದೇ ಉಸಿರಿನಲ್ಲಿ ಹೇಳಬೇಕು. ‘ಇದು ನಿನಗೆ ತುಂಬಾ ಕಷ್ಟ ಅಂತ ನನಗೆ ಗೊತ್ತು. ಆ ಹೆದರಿಕೆಯನ್ನು ನೀನು ತಡ್ಕೋತೀಯ ಅಂತಲೂ ಗೊತ್ತು.’ ಲೆಬೊವಿಟ್ಜ್ ಅವರ ಕ್ರಮದಲ್ಲಿ ಅಪ್ಪ ಅಮ್ಮ ಮೊದಲು ಕಲಿಯುವುದು ಇಂಥ ಮಾತನ್ನೇ. ಹೇಳಲು ಸುಲಭ ಅನ್ನಿಸುತ್ತದೆ. ಮಗು ಬಿಕ್ಕಿ ಅಳುತ್ತಿರುವಾಗ, ದನಿ ಏರಿಸದೆ, ಆ ಮಾತಿಗೆ ಬಾಲ ಕಟ್ಟದೆ ಹೇಳಿ ನೋಡಿ. ‘ಹೆದರಬೇಡ’, ‘ಅಲ್ಲಿ ಏನಿದೆ ಹೆದರೋಕೆ’, ‘ನೋಡು ತಮ್ಮ ಹೇಗೆ ಮಲಗಿದಾನೆ’ ಅಂತ ಬಾಯಿಗೆ ಬಂದೇ ಬರುತ್ತದೆ. ಅದಕ್ಕೇ ನನ್ನ ಕೋಣೆಯಲ್ಲಿ ಅಪ್ಪ ಅಮ್ಮಂದಿರು ಈ ಒಂದು ವಾಕ್ಯವನ್ನು ಜೋರಾಗಿ ಹೇಳಿ ಅಭ್ಯಾಸ ಮಾಡುತ್ತಾರೆ. ನಾನೇ ಅಳುವ ಮಗು ಆಗುತ್ತೇನೆ.

ಎರಡು ಪುಟದ ಪಟ್ಟಿಯಲ್ಲಿ ಒಂದನ್ನು ಮಾತ್ರ ಆರಿಸಿಕೊಂಡೆವು: ಅಮ್ಮ ಪಕ್ಕದಲ್ಲಿ ಮಲಗುವುದು. ಉಳಿದದ್ದೆಲ್ಲ ಸದ್ಯಕ್ಕೆ ಹಾಗೇ ಇರಲಿ ಅಂತ ಬಿಟ್ಟೆವು. ಎಲ್ಲವನ್ನೂ ಒಂದೇ ರಾತ್ರಿ ನಿಲ್ಲಿಸಲು ಹೋದವರು ಮೂರನೇ ರಾತ್ರಿಗೆ ಸೋಲುತ್ತಾರೆ. ಆಗ ಮಗು ಕಲಿಯುವುದು, ಇನ್ನೂ ಜೋರಾಗಿ ಅತ್ತರೆ ಕೆಲಸ ಆಗುತ್ತದೆ ಅಂತ. ಅಮ್ಮ ಮೊದಲು ಮಂಚದ ಪಕ್ಕ ಕುರ್ಚಿಯಲ್ಲಿ ಕೂರಬೇಕು. ಕೆಲವು ದಿನದ ಮೇಲೆ ಕುರ್ಚಿ ಬಾಗಿಲ ಹತ್ತಿರ. ಆಮೇಲೆ ಬಾಗಿಲ ಹೊರಗೆ, ಹತ್ತು ನಿಮಿಷಕ್ಕೊಮ್ಮೆ ಬಂದು ಇಣುಕಿ ಹೋಗುವುದು. ಈ ಯೋಜನೆಯಲ್ಲಿ ಮಗು ಮಾಡಬೇಕಾದದ್ದು ಅಂತ ಏನೂ ಇಲ್ಲ ಅನ್ನುವುದನ್ನು ಗಮನಿಸಿ. ‘ನೀನು ಅಳಬಾರದು’, ‘ನೀನು ಧೈರ್ಯವಾಗಿರಬೇಕು’ ಅಂತ ಎಲ್ಲೂ ಇಲ್ಲ. ಬದಲಾಗುವುದು ಅಮ್ಮ ಎಲ್ಲಿ ಇರುತ್ತಾಳೆ ಅನ್ನುವುದು ಮಾತ್ರ. ಅದಕ್ಕೆ ಮಗುವಿನ ಒಪ್ಪಿಗೆ ಬೇಕಿಲ್ಲ, ಜಗಳವೂ ಬೇಕಿಲ್ಲ.

ಮಗುವಿಗೆ ಮೊದಲೇ ತಿಳಿಸುವುದು ಮುಖ್ಯ. ಹಗಲು ಹೊತ್ತಿನಲ್ಲಿ, ಎಲ್ಲರೂ ಶಾಂತವಾಗಿರುವಾಗ, ಇಬ್ಬರೂ ಜೊತೆಗೆ ಕೂತು ಹೇಳಬೇಕು. ನಾವು ನಾಲ್ಕು ಸಾಲು ಬರೆದೇ ಇಟ್ಟುಕೊಂಡಿದ್ದೆವು. ‘ರಾತ್ರಿ ಒಬ್ಬಳೇ ಮಲಗೋದು ನಿನಗೆ ಎಷ್ಟು ಕಷ್ಟ ಅಂತ ನಮಗೆ ಗೊತ್ತು. ಅದನ್ನು ನೀನು ತಡ್ಕೋತೀಯ ಅಂತಲೂ ಗೊತ್ತು. ಅಮ್ಮ ಪಕ್ಕದಲ್ಲಿ ಮಲಗಿದ್ದರಿಂದ ನಿನ್ನ ಭಯ ಕಮ್ಮಿ ಆಗಲಿಲ್ಲ. ಅದಕ್ಕೆ ಸೋಮವಾರದಿಂದ ಅಮ್ಮ ಕುರ್ಚಿಯಲ್ಲಿ ಕೂತಿರುತ್ತಾಳೆ.’ ಓದಿದ್ದು ಅಪ್ಪ. ಹುಡುಗಿ ಆ ಕಾಗದ ಕಿತ್ತುಕೊಂಡು ಹರಿದು ಹಾಕಿದಳಂತೆ. ಹರಿಯಲಿ. ಇನ್ನೊಂದು ಪ್ರತಿ ನನ್ನ ಸಲಹೆಯಂತೆ ಅವರ ಹತ್ತಿರ ಇತ್ತು, ಅವಳ ಮೇಜಿನ ಮೇಲೆ ಇಟ್ಟು ಬಂದರು.

ಮೊದಲ ರಾತ್ರಿಗಳು ಕಷ್ಟವೇ. ಅದನ್ನು ನಾನು ಯಾರಿಗೂ ಮುಚ್ಚಿಡುವುದಿಲ್ಲ. ಇಷ್ಟು ದಿನ ಸಿಗುತ್ತಿದ್ದದ್ದು ಸಿಗದೆ ಹೋದಾಗ ಮಗು ಮೊದಲಿಗಿಂತ ಜಾಸ್ತಿ ಅಳುತ್ತದೆ. ‘ನಿಂಗೆ ನಾನು ಬೇಡ’ ಅಂತಲೂ ಅಂದಳು ಆ ಹುಡುಗಿ. ಆ ಮಾತು ಅಮ್ಮನಿಗೆ ಎಲ್ಲಿ ನಾಟುತ್ತದೆ ಅಂತ ಹೇಳಬೇಕಿಲ್ಲ. ಅಪ್ಪನಿಗೆ ನಾನು ಕೊಟ್ಟ ಕೆಲಸ ಆಗ ಬಂತು. ಮಗಳನ್ನು ಗದರಿಸುವುದು ಅವರ ಕೆಲಸ ಆಗಿರಲಿಲ್ಲ. ಅಮ್ಮ ಕುರ್ಚಿಯಿಂದ ಎದ್ದು ಹೋಗಿ ಮಲಗಿಬಿಡದ ಹಾಗೆ ಅವರ ಜೊತೆ ಇರುವುದು, ಬೇಕಾದರೆ ಕುರ್ಚಿ ಬದಲಾಯಿಸಿಕೊಳ್ಳುವುದು. ನಾಟಕ ಅನ್ನುತ್ತಿದ್ದ ಮನುಷ್ಯ ಕುರ್ಚಿಯಲ್ಲಿ ಕೂತು ಮಗಳ ನಡುಗುವ ಕೈ ನೋಡಿದ ಮೇಲೆ ಆ ಶಬ್ದ ಮತ್ತೆ ಬಳಸಲಿಲ್ಲ. ಕೆಲವು ವಾರಗಳಲ್ಲಿ ಕುರ್ಚಿ ಕೋಣೆಯಿಂದ ಹೊರಗೆ ಬಂತು. ಜ್ವರ ಬಂದಾಗ, ಗುಡುಗು ಜೋರಾದಾಗ ಮತ್ತೆ ಒಳಗೆ ಹೋಯಿತು, ಮತ್ತೆ ಹೊರಗೆ ಬಂತು. ಪಟ್ಟಿಯಲ್ಲಿ ಉಳಿದಿದ್ದ ಟಾರ್ಚು, ಬೀರು, ಗುಡ್‌ನೈಟಿನ ಸರದಿ, ಇವುಗಳಲ್ಲಿ ಹೆಚ್ಚಿನವು ಯಾರೂ ಕೈ ಹಾಕದೆಯೇ ಬಿಟ್ಟುಹೋದವು. ಒಂದು ಕಡೆ ತಡೆದುಕೊಳ್ಳಲು ಕಲಿತ ಮಗು ಇನ್ನೊಂದು ಕಡೆಯೂ ಅದನ್ನು ಬಳಸುತ್ತದೆ.

ಬಹುಮಾನದ ಬಗ್ಗೆ ಕೇಳುವವರು ಜಾಸ್ತಿ. ಕೊಡಬಹುದು. ಪ್ರಯತ್ನಕ್ಕೆ ಕೊಡಿ, ಭಯ ಆಗದೇ ಇದ್ದದ್ದಕ್ಕೆ ಕೊಡಬೇಡಿ. ಇಷ್ಟು ಸಾಕು.

ಅಪ್ಪ ಅಮ್ಮನ ಸ್ವಂತ ಆತಂಕದ ವಿಷಯ ಮಾತ್ರ ಇಷ್ಟು ಬೇಗ ಮುಗಿಯುವಂಥದ್ದಲ್ಲ. ಮಗುವಿನ ಬಗ್ಗೆ ಹೇಳುತ್ತಾ ಹೇಳುತ್ತಾ ‘ನಾನೂ ಚಿಕ್ಕವಳಿದ್ದಾಗ ಹೀಗೇ’ ಅನ್ನುವವರು ಬಹಳ. ಕೆಲವರು ಈಗಲೂ ಹಾಗೇ ಇರುತ್ತಾರೆ, ಅದಕ್ಕೆ ಹೆಸರು ಇಟ್ಟಿರುವುದಿಲ್ಲ ಅಷ್ಟೇ. ವನೆಸ್ಸಾ ಕಾಬಮ್ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕಣ್ಣು ತೆರೆಸುವಂಥದ್ದು. ಅಪ್ಪ ಅಮ್ಮನಿಗೆ ಆತಂಕ ಇಲ್ಲದ ಮನೆಗಳಲ್ಲಿ ಮಗುವಿಗೆ ಮಾತ್ರ ಸಿಬಿಟಿ ಕೊಟ್ಟಾಗ ಶೇ. 82 ಮಕ್ಕಳು ಚೇತರಿಸಿಕೊಂಡರು. ಅಪ್ಪ ಅಥವಾ ಅಮ್ಮನಿಗೂ ಆತಂಕ ಇದ್ದ ಮನೆಗಳಲ್ಲಿ ಅದೇ ಚಿಕಿತ್ಸೆಗೆ ಚೇತರಿಸಿಕೊಂಡವರು ಶೇ. 39 ಮಾತ್ರ. ಅಂಥ ಮನೆಗಳಲ್ಲಿ ದೊಡ್ಡವರಿಗೂ ತಮ್ಮ ಆತಂಕ ನಿಭಾಯಿಸುವುದನ್ನು ಕಲಿಸಿದಾಗ ಆ ಸಂಖ್ಯೆ ಶೇ. 77ಕ್ಕೆ ಏರಿತು. ಗೋಲ್ಡಾ ಗಿನ್ಸ್‌ಬರ್ಗ್ 2015ರಲ್ಲಿ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿದರು. ತಂದೆ ಅಥವಾ ತಾಯಿಗೆ ಆತಂಕದ ಸಮಸ್ಯೆ ಇದೆ, ಮಗುವಿಗೆ ಇನ್ನೂ ಬಂದಿಲ್ಲ, ಅಂಥ 136 ಕುಟುಂಬಗಳು. ಇಡೀ ಕುಟುಂಬಕ್ಕೆ ತರಬೇತಿ ಕೊಟ್ಟ ಕಡೆ ಒಂದು ವರ್ಷದಲ್ಲಿ ಶೇ. 5 ಮಕ್ಕಳಿಗೆ ಸಮಸ್ಯೆ ಶುರುವಾಯಿತು. ಕೊಡದ ಕಡೆ ಶೇ. 31. ನಿಮ್ಮ ಎದೆಬಡಿತಕ್ಕೆ ನೀವು ಚಿಕಿತ್ಸೆ ತೆಗೆದುಕೊಳ್ಳುವುದು ಸ್ವಾರ್ಥ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಮಗುವಿಗೆ ನೀವು ಮಾಡುವ ಉಪಕಾರಗಳಲ್ಲಿ ಅದೂ ಒಂದು.

ಹಾಗಂತ ಎಲ್ಲ ಭಯವನ್ನೂ ಮಗು ಎದುರಿಸಲೇಬೇಕು ಅಂತ ಅಲ್ಲ. ಶಾಲೆಯಲ್ಲಿ ಯಾರೋ ಹೊಡೆಯುತ್ತಿದ್ದರೆ, ಹೀಯಾಳಿಸುತ್ತಿದ್ದರೆ, ಮುಟ್ಟಬಾರದ ಕಡೆ ಮುಟ್ಟುತ್ತಿದ್ದರೆ ಆ ಮಗುವಿನ ಭಯ ಸರಿಯಾಗಿದೆ. ಅಲ್ಲಿ ಬದಲಾಗಬೇಕಾದದ್ದು ಪರಿಸ್ಥಿತಿ. ಓದಲು ಬರೆಯಲು ತೊಂದರೆ ಇರುವ ಮಗು, ಆಟಿಸಂ ಇರುವ ಮಗು, ಮನೆಯಲ್ಲಿ ದಿನಾ ಜಗಳ ಕೇಳುವ ಮಗು, ಇವರ ಭಯಕ್ಕೆ ಬೇರೆಯೇ ಬೇರು ಇರಬಹುದು. ಅದಕ್ಕೇ ಮೊದಲು ಸರಿಯಾಗಿ ವಿಚಾರಿಸಬೇಕು, ಆಮೇಲೆ ಯೋಜನೆ. ಬದುಕುವುದೇ ಬೇಡ ಅನ್ನುವ ಮಾತು ಮಗುವಿನ ಬಾಯಲ್ಲಿ ಬಂದರೆ ಕುರ್ಚಿಯ ಲೆಕ್ಕವೆಲ್ಲ ಪಕ್ಕಕ್ಕಿಟ್ಟು ಅವತ್ತೇ ಡಾಕ್ಟರ ಹತ್ತಿರ ಹೋಗಿ. ಔಷಧಿ ಅಂದ ಕೂಡಲೇ ಬೆಚ್ಚಬೇಕಾಗಿಯೂ ಇಲ್ಲ. ಅಮೆರಿಕದಲ್ಲಿ 7ರಿಂದ 17 ವರ್ಷದ 488 ಮಕ್ಕಳ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಸಿಬಿಟಿ ಮತ್ತು ಔಷಧಿ ಎರಡೂ ಪಡೆದ ಮಕ್ಕಳು, ಯಾವುದೋ ಒಂದನ್ನು ಮಾತ್ರ ಪಡೆದವರಿಗಿಂತ ಹೆಚ್ಚು ಸುಧಾರಿಸಿದರು.

ಹದಿಹರೆಯದವರ ಲೆಕ್ಕ ಸ್ವಲ್ಪ ಬೇರೆ. ಹದಿನೈದರ ಹುಡುಗ ನನ್ನ ಹತ್ತಿರ ಹೇಳಿದ್ದು ಅಪ್ಪನ ಕಿವಿಗೆ ಹೋಗಬಾರದು. ಜೀವಕ್ಕೆ ಅಪಾಯ ಇಲ್ಲದಿದ್ದರೆ ಅದು ಹೋಗುವುದೂ ಇಲ್ಲ. ಇದನ್ನು ಮೊದಲ ದಿನವೇ ಮೂವರ ಮುಂದೆಯೂ ಹೇಳಿಬಿಡುತ್ತೇನೆ. ಅವನ ಗುಟ್ಟು ಅವನದ್ದು. ಅವನ ಪರವಾಗಿ ಅಮ್ಮ ಟೀಚರಿಗೆ ಮೆಸೇಜ್ ಮಾಡುವುದನ್ನು ಯಾವಾಗ ನಿಲ್ಲಿಸಬೇಕು ಅನ್ನುವುದು ಮಾತ್ರ ಎಲ್ಲರೂ ಕೂತು ಮಾತಾಡುವ ವಿಷಯ.

ಕೊನೆಗೆ, ನನಗೆ ಅತಿ ಹೆಚ್ಚು ಬರುವ ಫೋನ್ ಬಗ್ಗೆ. ‘ಮಗು ಬರಲ್ಲ ಅಂತಿದೆ ಮೇಡಂ. ಕೌನ್ಸೆಲಿಂಗ್ ಅಂದ್ರೆ ಸಾಕು, ಕಾರಿಂದ ಇಳಿಯಲ್ಲ. ಒಪ್ಪಿದ ಮೇಲೆ ಕರ್ಕೊಂಡು ಬರ್ತೀವಿ.’ ಹೀಗೆ ಹೇಳಿ ಫೋನ್ ಇಟ್ಟವರಲ್ಲಿ ಕೆಲವರು ತಿಂಗಳುಗಟ್ಟಲೆ ಕಾಯುತ್ತಾರೆ, ಕೆಲವರು ವರ್ಷವೇ ಕಾಯುತ್ತಾರೆ. ಅಷ್ಟರಲ್ಲಿ ಮಗು ಶಾಲೆ ಬಿಟ್ಟಿರುತ್ತದೆ. ಹೊಸ ಜಾಗಕ್ಕೆ, ಹೊಸ ಮನುಷ್ಯರ ಹತ್ತಿರ ಹೋಗಲು ಹೆದರುವುದೇ ಮಗುವಿನ ಸಮಸ್ಯೆ ಆಗಿರುವಾಗ, ಅದು ಒಪ್ಪಿದ ಮೇಲೆ ಚಿಕಿತ್ಸೆ ಅಂದರೆ ಹೇಗೆ? ಮಗು ಬರದಿದ್ದರೆ ನೀವು ಬನ್ನಿ. ಇಬ್ಬರಿಗೂ ಆಗದಿದ್ದರೆ ಒಬ್ಬರೇ ಬನ್ನಿ. ಒಂಟಿಯಾಗಿ ಮಗು ಸಾಕುತ್ತಿರುವವರು, ಜೊತೆಗೆ ಕೂರುವ ಕೆಲಸಕ್ಕೆ ಅಜ್ಜಿಯನ್ನೋ ಅಕ್ಕನನ್ನೋ ಕರೆದುಕೊಂಡು ಬನ್ನಿ. ‘ಅಪ್ಪ ಅಮ್ಮನ ಜೊತೆ ಕೆಲಸ ಮಾಡುತ್ತೀರಾ, ನಮಗೆ ಮನೆಯಲ್ಲಿ ಮಾಡುವಂಥದ್ದನ್ನು ಕಲಿಸುತ್ತೀರಾ’ ಅಂತ ಕೌನ್ಸೆಲರನ್ನು ಮೊದಲ ಫೋನಿನಲ್ಲೇ ಕೇಳಿ. ಇಲ್ಲ ಅಂದರೆ ಕಲಿಸುವವರನ್ನು ಹುಡುಕಿ. ಬರುವ ಮುಂಚೆ ಒಂದು ವಾರ, ಮಗುವಿನ ಭಯಕ್ಕಾಗಿ ನೀವು ಏನೇನು ಮಾಡಿದಿರಿ ಅಂತ ದಿನಾ ರಾತ್ರಿ ಬರೆದಿಡಿ. ಮಗು ಏನು ಮಾಡಿತು ಅಂತ ಬೇಡ, ನೀವು ಮಾಡಿದ್ದು. ಆ ಹಾಳೆ ಹಿಡಿದುಕೊಂಡು ಬಂದರೆ ಮೊದಲ ದಿನದಿಂದಲೇ ಕೆಲಸ ಶುರು ಮಾಡಬಹುದು.